ನಾಯಕಿಯ ಜಡೆ ಮತ್ತು ನೀರಿನ ಕಚೇರಿ

ಆ ದಿನ ಬೆಳಿಗ್ಗೆ ಮಳೆ ಬರಲೂ ಇಲ್ಲ, ಬಾರದೆ ಇರಲೂ ಇಲ್ಲ. ಒದ್ದೆ ಬಟ್ಟೆಯನ್ನು ಹಿಂಡಲು ಮರೆತು ಹಾಗೇ ತಂತಿಗೆ ಹಾಕಿದಂತೆ ಆಕಾಶ ತೊಟ್ಟಿಕ್ಕುತ್ತಿತ್ತು. ಡಬ್ಬಿಯಲ್ಲಿ ಉಪ್ಪು ನೀರೊಡೆದಿತ್ತು. ಬೆಂಕಿಕಡ್ಡಿ ಗೀರಿದರೆ ಹತ್ತಿಕೊಳ್ಳುವ ಬದಲು ನಿಟ್ಟುಸಿರು ಬಿಡುತ್ತಿತ್ತು. ಇಂಥ ಹವೆಯಲ್ಲಿ ಬುದ್ಧಿವಂತರು ಕಂಬಳಿ ಹೊದ್ದು ದೇವರ ಧ್ಯಾನ ಮಾಡುತ್ತಾರೆ. ನಮ್ಮ ಗುನುಗಣ್ಣ ಗೋಂದು ಒಣಗಲೆಂದು ಕಾಯುತ್ತಿದ್ದ.

ಗುನುಗಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಈ ಮನುಷ್ಯ ಹಳೆಯ ಹಾಡುಗಳನ್ನು ಸದಾ ಮೂಗಿನಲ್ಲೇ ಗುನುಗುತ್ತಿದ್ದುದರಿಂದ ಬೀದಿಯವರು ಪ್ರೀತಿಯಿಂದಲೋ ಬೇಸರದಿಂದಲೋ ದಯಪಾಲಿಸಿದ ಬಿರುದು. ನಲ್ಲಿಯಲ್ಲಿ ನೀರಿಲ್ಲ ಎಂದು ದೂರು ಕೊಡಲು ಬಂದವರು ಪಲ್ಲವಿ ಮುಗಿಯುವ ತನಕ ಅವನ ಕಿಟಕಿಯ ಮುಂದೆ ನಿಲ್ಲಬೇಕಿತ್ತು. ಚರಣ ಶುರುವಾಗಿಬಿಟ್ಟರೆ ನಾಳೆ ಬರಬೇಕಿತ್ತು.

ಇಷ್ಟಕ್ಕೇ ನಿಂತಿದ್ದರೆ ಲೋಕಕ್ಕೆ ಹೆಚ್ಚಿನ ಕೇಡಿರಲಿಲ್ಲ. ಆದರೆ ಯಾವುದೋ ಪತ್ರಿಕೆಯ ಪುರವಣಿಯಲ್ಲಿ, ಚೂರುಪಾರು ಸಾಮಾನುಗಳನ್ನು ಹಲಗೆಗೆ ಅಂಟಿಸಿ ಚಿತ್ರ ಮಾಡುವುದಕ್ಕೆ ಕೊಲಾಜ್ ಎನ್ನುತ್ತಾರೆ, ಅದೂ ದೊಡ್ಡ ಕಲೆಯೇ ಎಂದು ಅವನು ಓದಿಬಿಟ್ಟ. ಚಿತ್ರ ಬರೆಯಲು ಬಾರದವರೂ ಚಿತ್ರಕಾರರಾಗಬಹುದು ಎಂಬ ಸುದ್ದಿ ಒಬ್ಬ ಮನುಷ್ಯನಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಪುರವಣಿಯ ಸಂಪಾದಕರು ಯೋಚಿಸಿರಲಿಲ್ಲ. ಅಂದಿನಿಂದ ಒಂದೊಂದು ಹಳೆಯ ಹಾಡಿಗೆ ಒಂದೊಂದು ಕೊಲಾಜ್ ಹುಟ್ಟತೊಡಗಿತು.

"ಹಳೇ ಹಾಡಿಗೆ ಹಳೇ ಸಾಮಾನೇ ಆಗ್ಬೇಕು," ಎಂಬುದು ಅವನ ಸಿದ್ಧಾಂತ. "ಹೊಸ ಕಾಗದ ತಂದು ಅಂಟಿಸಿದ್ರೆ ಶ್ರುತಿ ಹೋಗುತ್ತೆ."

ಆದ್ದರಿಂದ ಅವನು ಮನೆಮನೆಗೆ ಹೋಗಿ, "ನಿಮ್ಮಲ್ಲಿ ಕೆಲಸಕ್ಕೆ ಬಾರದ್ದು ಏನಾದ್ರೂ ಇದ್ಯಾ?" ಎಂದು ಕೇಳುತ್ತಿದ್ದ. "ಇದ್ದಾರೆ, ಒಳಗೆ ಮಲಗಿದ್ದಾರೆ," ಎಂದು ಎಷ್ಟೋ ಗೃಹಿಣಿಯರು ಉತ್ತರಿಸಿದ್ದುಂಟು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಒಂದು ಹರಿದ ಕನ್ನಡಕದ ಡಬ್ಬಿ ಕೊಟ್ಟರು. ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಕ್ಕ, ಯಾವುದೋ ಕಾಲದ ಕೋಟಿನಿಂದ ಉದುರಿದ ಬಟ್ಟಲಗಲದ ಬಿಳಿ ಗುಂಡಿಯೊಂದನ್ನು ಕೊಟ್ಟು, "ಇದನ್ನ ತಗೊಂಡು ಇನ್ನೊಂದು ವರ್ಷ ಈ ಕಡೆ ತಲೆ ಹಾಕ್ಬೇಡ ಮಾರಾಯ," ಎಂದು ಆಶೀರ್ವದಿಸಿದಳು.

ಈಗ ಗೋಂದು ಒಣಗದೆ ಕಾಡುತ್ತಿದ್ದುದು ಅವನ ಮಹಾಕೃತಿ. ಹಾಡು ಹಳೆಯದು. ಹೊಳೆಯ ಆಚೆ ದಂಡೆಯಲ್ಲಿ ಒಬ್ಬಳು ಕಾಯುತ್ತಾಳೆ, ಈಚೆ ದಂಡೆಯಲ್ಲಿ ಒಬ್ಬ ನಿಂತಿದ್ದಾನೆ, ನಡುವೆ ದೋಣಿ ಇದೆ, ಮೇಲೆ ಚಂದ್ರ ಇದ್ದಾನೆ. ದೋಣಿ ಹತ್ತುವ ಸಣ್ಣ ಕೆಲಸವೊಂದನ್ನು ಬಿಟ್ಟು ಆ ನಾಯಕ ಮಿಕ್ಕೆಲ್ಲವನ್ನೂ ಮಾಡುತ್ತಾನೆ. ಕೇಳಿದವರೆಲ್ಲ ಒಂದು ಕಾಲದಲ್ಲಿ ಅತ್ತಿದ್ದರು.

ಹಿನ್ನೆಲೆಗೆ ಹಳದಿಗಟ್ಟಿದ ಕಾಗದ ಬೇಕಿತ್ತು. ಕಚೇರಿಯಲ್ಲಿ ಗೆದ್ದಲು ಹಿಡಿದು ಎಸೆದಿದ್ದ, ಹಲಗೆಗೆ ಅಂಟಿಸಿದ ಬಡಾವಣೆಯ ಹಳೇ ನಕ್ಷೆಯೊಂದು ಸಿಕ್ಕಿತು. ಅದರ ಮೇಲೆ ಹೊಳೆಗಾಗಿ ಅಡುಗೆಮನೆ ಕಿಟಕಿಯ ನೀಲಿ ಪರದೆಯ ಅಂಚನ್ನು ಕತ್ತರಿಸಿ ಅಂಟಿಸಿದ. ಚಂದ್ರನ ಜಾಗಕ್ಕೆ ಟೈಲರಕ್ಕನ ಗುಂಡಿ ಬಂತು, ದೋಣಿಯ ಜಾಗಕ್ಕೆ ಮೇಷ್ಟ್ರ ಡಬ್ಬಿ. ಮನುಷ್ಯರನ್ನು ಮಾಡಲು ಕೈ ಬಾರದ್ದರಿಂದ ನಾಯಕ ಒಂದು ತುಕ್ಕು ಹಿಡಿದ ಬೀಗದ ಕೈ ಆದ. ನಾಯಕಿ ಲಕೋಟೆಯಿಂದ ಕತ್ತರಿಸಿದ ಹಳದಿ ತ್ರಿಕೋನವಾದಳು, ಅದೇ ಅವಳ ಲಂಗ. ಮೇಲೊಂದು ಸೀಸೆಯ ಮುಚ್ಚಳ, ಅದು ತಲೆ.

ಉಳಿದದ್ದು ಜಡೆ. ಹೆಂಡತಿಯ ತಗಡಿನ ಪೆಟ್ಟಿಗೆಯಲ್ಲಿ ಒಂದು ಹಳೇ ಕ್ಯಾಸೆಟ್ ಕಂಡಿತು. ಮೇಲೆ "ಹೊಳೆ ಹಾಡು" ಎಂದಷ್ಟೇ ಬರೆದಿತ್ತು. ಅದೇ ಹಾಡು! ದೈವಸಂಕಲ್ಪವೆಂದರೆ ಇದೇ ಎಂದು ಗುನುಗಣ್ಣ ಕಣ್ಣಿಗೊತ್ತಿಕೊಂಡು, ತಿರುಪು ಬಿಚ್ಚಿ, ಒಳಗಿನ ಕಪ್ಪು ಪಟ್ಟಿಯನ್ನೆಲ್ಲ ಎಳೆದ. ಕಾಯುವ ಹೆಣ್ಣಿನ ಕೂದಲಿಗೆ ಕತ್ತರಿ ಹಾಕಬಾರದು ಎಂಬ ಭಾವುಕತೆಯಿಂದ ಒಂದು ಕಡೆಯೂ ಕತ್ತರಿಸದೆ, ಹಿಂದಕ್ಕೂ ಮುಂದಕ್ಕೂ ಮಡಚಿ, ಅಲ್ಲಲ್ಲಿ ದಾರ ಕಟ್ಟಿ ಜಡೆ ಮಾಡಿ, ಎರಡು ತುದಿಗೆ ಮಾತ್ರ ಗೋಂದು ಹಚ್ಚಿದ. ಜಡೆ ಎಷ್ಟು ಉದ್ದವಾಯಿತೆಂದರೆ ಆಚೆ ದಂಡೆಯಿಂದ ಹೊರಟು ಹೊಳೆ ದಾಟಿ ನಾಯಕನ ಕಾಲಬುಡಕ್ಕೆ ಬಂತು. ಅದನ್ನು ಹಿಡಿದುಕೊಂಡೇ ಅವನು ಆಚೆಗೆ ಹೋಗಬಹುದಿತ್ತು.

ಮನೆಯಲ್ಲಿಟ್ಟರೆ ಪರದೆ ಗಿಡ್ಡವಾದದ್ದಕ್ಕೆ ಸಾಕ್ಷಿ ಸಿಗುತ್ತದೆ. ಆದ್ದರಿಂದ ಆ ಒದ್ದೆ ಬೆಳಿಗ್ಗೆ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಚೇರಿಗೆ ಹೊತ್ತು ತಂದು, ಇಂಜಿನಿಯರ್ ಸಾಹೇಬರ ಕೋಣೆಯ ಹೊರಗಿನ ಬೆಂಚಿನ ಮೇಲೆ, ಫ್ಯಾನಿನ ಗಾಳಿಗೆ ಒರಗಿಸಿಟ್ಟ. ಖಾಲಿ ಕ್ಯಾಸೆಟ್ ಡಬ್ಬಿಯನ್ನು, ಮುಂದಿನ ಹಾಡಿಗೆ ಕಿಟಕಿಯಾಗುತ್ತದೆಂದು ತನ್ನ ಮೇಜಿನ ಡ್ರಾಯರಿನಲ್ಲಿಟ್ಟು ಬೀದಿ ಕಡೆಯ ಕಿಟಕಿಗೆ ಹೋಗಿ ಕುಳಿತ.

ಇಲ್ಲಿ ಆ ಕಚೇರಿಯ ಒಂದು ಆಚಾರವನ್ನು ಹೇಳಬೇಕು. ಬೆಂಚಿನ ಮೇಲೆ ಇಟ್ಟದ್ದೆಲ್ಲವನ್ನೂ ಜವಾನ ಚಹಾಕ್ಕೆ ಮೊದಲು ಮೊಹರು ಒತ್ತಿ ಒಳಗೆ ಒಯ್ಯುತ್ತಿದ್ದ. ಮೊಹರು ಇದೆಯಲ್ಲ, ಯಾರೋ ನೋಡಿಯೇ ಇರುತ್ತಾರೆ ಎಂದು ಸಾಹೇಬರು ಸಹಿ ಮಾಡುತ್ತಿದ್ದರು. ಸಹಿ ಇದೆಯಲ್ಲ, ಸಾಹೇಬರು ಓದಿಯೇ ಇರುತ್ತಾರೆ ಎಂದು ಜವಾನ ಅದನ್ನು ಗಾಜಿನ ಬಾಗಿಲಿನ ಸೂಚನಾ ಫಲಕದಲ್ಲಿ ಹಾಕಿ ಬೀಗ ಜಡಿಯುತ್ತಿದ್ದ. ಹೀಗೆ ಪರಸ್ಪರ ನಂಬಿಕೆಯಿಂದ ನಡೆಯುವ ಸಂಸ್ಥೆಗಳು ಲೋಕದಲ್ಲಿ ಅಪರೂಪ. ಹಿಂದೊಮ್ಮೆ ಯಾರೋ ಬೆಂಚಿನ ಮೇಲೆ ಮರೆತ ಛತ್ರಿಯೂ ಮಂಜೂರಾಗಿತ್ತು.

ದೇವರು ದೊಡ್ಡವನು, ಆದರೆ ಕಚೇರಿಯ ಮೊಹರು ಅವನಿಗಿಂತ ಸ್ವಲ್ಪ ಬೇಗ ಕೆಲಸ ಮಾಡುತ್ತದೆ. ಸಾಹೇಬರು ಫೋನಿನಲ್ಲಿ ಮೇಲಿನವರಿಗೆ "ಹೌದು ಸಾರ್, ಆಗ್ತಾ ಇದೆ ಸಾರ್" ಎನ್ನುತ್ತಲೇ ನಾಯಕಿಯ ಲಂಗದ ಮೇಲೆ ಸಹಿ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಗಾಜಿನ ಮುಂದೆ ಜನ. ನಲ್ಲಿಯ ದೂರು ಹೇಳಲು ಬಂದಿದ್ದ ಮೇಷ್ಟ್ರು ಛತ್ರಿಯ ತುದಿಯನ್ನು ಗಾಜಿಗೆ ತಾಗಿಸಿ ಪಾಠ ಮಾಡುತ್ತಿದ್ದರು.

"ನೋಡ್ರಪ್ಪ, ಕೆಳಗೆ ಇರೋದು ನಮ್ಮ ಬಡಾವಣೆ. ನೀಲಿ ಪಟ್ಟಿ ಅಂದ್ರೆ ಹೊಸ ನೀರಿನ ಪೈಪು. ಹಳದಿ ತ್ರಿಕೋನ ಪಂಪ್‌ಹೌಸು. ಆ ಬೀಗದ ಕೈ ಇದ್ಯಲ್ಲ, ಅದು ದೊಡ್ಡ ವಾಲ್ವು. ಬಿಳೀ ವೃತ್ತ ಓವರ್‌ಹೆಡ್ ಟ್ಯಾಂಕು." ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಅದು ನಮ್ಮ ಮನೆ ಅಂಗಳದಲ್ಲೇ ಬಂದಿದೆ. ವಿದ್ಯಾವಂತರ ಮನೆ ಅಂತ ಆರಿಸಿರ್ತಾರೆ," ಎಂದರು.

"ಆ ಕಪ್ಪಗಿರೋದು?" ಯಾರೋ ಕೇಳಿದರು.

"ಕಪ್ಪು ಅಂದ್ರೆ ಇನ್ನೇನು? ಚರಂಡಿ."

ಜನರ ನಡುವಿನಿಂದ ಟೈಲರಕ್ಕ ಮುಂದೆ ನುಗ್ಗಿದಳು. ಕಪ್ಪು ಗೆರೆ ಪಂಪ್‌ಹೌಸಿನ ತಲೆಯಿಂದ ಹೊರಟು, ಬಳುಕುತ್ತ, ಸರಿಯಾಗಿ ಅವಳ ಅಂಗಡಿಯ ಮೇಲೆ ಹಾದಿತ್ತು.

"ಯಾವನ್ರೀ ಇದನ್ನ ಬರೆದೋನು? ಸೀದಾ ಹೋಗೋಕೆ ಏನಾಗಿತ್ತು ರೋಗ? ಬಳುಕಿ ಬಳುಕಿ ನನ್ನ ಮಿಶಿನ್ ಮೇಲೇ ಬರ್ಬೇಕಾ?"

"ನೀರು ಬಳುಕ್ಕೊಂಡೇ ಹೋಗೋದಮ್ಮ," ಎಂದರು ಮೇಷ್ಟ್ರು, ಅಂಗಳದಲ್ಲಿ ಟ್ಯಾಂಕು ಪಡೆದವರ ಉದಾರತೆಯಿಂದ.

ಗದ್ದಲ ಕೇಳಿ ಒಳಗಿನಿಂದ ಓಡಿ ಬಂದ ಗುನುಗಣ್ಣ ಗಾಜಿನೊಳಗೆ ತನ್ನ ಕೃತಿಯನ್ನು ಕಂಡು ಮೊದಲು ಪುಳಕಿತನಾದ. ಇಷ್ಟು ಜನ! ಕಲೆಗೆ ಇಷ್ಟು ಬೆಲೆ! ಮೇಷ್ಟ್ರ ವ್ಯಾಖ್ಯಾನ ಕಿವಿಗೆ ಬಿದ್ದಾಗ ಮುಖ ಹುಳ್ಳಗಾಯಿತು. ನಿಜ ಹೇಳಬೇಕಿತ್ತು. ಹೇಳಲಿಲ್ಲ. ಕಚೇರಿಯ ಹೊತ್ತಿನಲ್ಲಿ ಗೋಂದು ಒಣಗಿಸುತ್ತಿದ್ದೆ ಎನ್ನುವುದು ಹೇಗೆ? ನಾಲ್ಕು ದಿನ ತೂಗಲಿ, ಆಮೇಲೆ ಜನ ಮರೆಯುತ್ತಾರೆ, ಆ ಕಚೇರಿಯ ಯಾವ ಯೋಜನೆ ತಾನೇ ನಡೆದಿದೆ ಎಂದು ಸಮಾಧಾನ ಮಾಡಿಕೊಂಡು ತನ್ನ ಕಿಟಕಿಗೆ ಮರಳಿದ.

ಸಂಜೆ ಮನೆಗೆ ಬಂದಾಗ ಹೆಂಡತಿ ತಗಡಿನ ಪೆಟ್ಟಿಗೆಯನ್ನು ನೆಲದ ಮೇಲೆ ಬೋರಲು ಹಾಕಿ ಹುಡುಕುತ್ತಿದ್ದಳು.

"ಏನ್ರೀ, ನಾಳೆ ಸಂಜೆ ಅಕ್ಕ ಬರ್ತಿದ್ದಾಳೆ. ಅಪ್ಪನ ಕ್ಯಾಸೆಟ್ ಕಾಣಿಸ್ತಿಲ್ಲ. ಮೇಷ್ಟ್ರ ಮನೆ ಟೇಪ್‌ರೆಕಾರ್ಡರ್ ಬೇರೆ ಕೇಳಿಟ್ಟಿದೀನಿ."

"ಅಪ್ಪನ ಕ್ಯಾಸೆಟ್ಟಾ? ಮಾವನೋರು ಯಾವತ್ತು ಹಾಡಿದ್ರು?"

"ಹಾಡಿಲ್ಲ, ಬೈದಿದ್ದಾರೆ. ಎಷ್ಟು ಸಲ ಹೇಳಿದೀನಿ ನಿಮಗೆ! ನಾನೂ ಅಕ್ಕನೂ ರೇಡಿಯೋ ಮುಂದೆ ಟೇಪ್ ಇಟ್ಕೊಂಡು ಹೊಳೆ ಹಾಡು ಹಿಡೀತಿದ್ವಿ. ನಡುವೆ ಅಪ್ಪ ಒಳಗೆ ಬಂದು, 'ಅದನ್ನ ಆರಿಸ್ರೇ ಮೊದ್ಲು! ಆ ಹೊಳೆ ದಂಡೇಲಿ ಅವಳು ಎಷ್ಟೊತ್ತು ಅಂತ ಅಳ್ತಾಳೆ!' ಅಂತ ಗದರಿಸಿದ್ರು. ಆವತ್ತು ಹಾಡು ಹಾಳಾಯ್ತು ಅಂತ ನಾವಿಬ್ರೂ ಊಟ ಬಿಟ್ಟಿದ್ವಿ." ಅವಳು ಪೆಟ್ಟಿಗೆಯ ಮೂಲೆಯನ್ನು ಬೆರಳಿನಿಂದ ತಡವಿದಳು. "ಈಗ ಅಪ್ಪನ ದನಿ ಅಂತ ಉಳಿದಿರೋದು ಅದೊಂದೇ. ಅಕ್ಕ ಅದಕ್ಕೇ ಬರ್ತಿರೋದು."

ಮಾವನವರು ನಾಯಕಿಯ ಜಡೆಯಾಗಿ, ಬಡಾವಣೆಯ ಚರಂಡಿಯಾಗಿ, ಬೀಗ ಹಾಕಿದ ಗಾಜಿನೊಳಗೆ ತೂಗುತ್ತಿದ್ದರು.

"ಸಿಗುತ್ತೆ ಬಿಡು," ಎಂದ ಗುನುಗಣ್ಣ. "ಇಲ್ಲೇ ಎಲ್ಲೋ... ಉದ್ದಕ್ಕೆ ಇರುತ್ತೆ."

"ಉದ್ದಕ್ಕೆ?" ಎಂದಳು ಹೆಂಡತಿ. ಆಗಲೇ ಅಡುಗೆಮನೆಯ ಪರದೆಯ ಕೆಳಗಿನ ಸಂದಿಯಲ್ಲಿ ಮೇಷ್ಟ್ರ ಮುಖ ಕಾಣಿಸಿಕೊಂಡು, "ತಂಗೀ, ಟ್ಯಾಂಕು ಬಂದ್ಮೇಲೆ ನಿಮಗೂ ಎರಡು ಕೊಡ ಕೊಡ್ತೀನಿ," ಎಂದು ಅಭಯ ನೀಡಿ ಮರೆಯಾಯಿತು.

ಮರುದಿನ ಬಾಗಿಲು ತೆರೆಯುವ ಮೊದಲೇ ಕಚೇರಿಗೆ ಹೋದ ಗುನುಗಣ್ಣ ಜವಾನನ ಕೈ ಹಿಡಿದುಕೊಂಡ.

"ಅಣ್ಣಾ, ಆ ಗಾಜಿನ ಬೀಗ ಒಂದು ಗಳಿಗೆ ತೆಗಿ. ಆ ಕಪ್ಪು ಗೆರೆ ತಕ್ಕೊಂಡು ಬಿಡ್ತೀನಿ."

"ಗೆರೆ ತಕ್ಕೊಳ್ಳೋದಾ? ಸಹಿ ಆದ ಗೆರೆ ಸ್ವಾಮೀ ಅದು. ಕೈ ಇಟ್ರೆ ಇಬ್ರೂ ಮನೆಗೆ ಹೋಗ್ತೀವಿ. ಸಾಹೇಬ್ರನ್ನ ಕೇಳಿ."

ಸಾಹೇಬರು ಅಂದು ಬಹಳ ಪ್ರಸನ್ನರಾಗಿದ್ದರು. ಗಾಜಿನ ಮುಂದೆ ಜನ ಸೇರಿದ್ದನ್ನು ಕಂಡು ಚಿತ್ರವನ್ನು ಮೊದಲ ಬಾರಿಗೆ ನಿಜವಾಗಿ ನೋಡಿದ್ದರು. ನೋಡಿದ್ದು ಮೂರು ಮಾರು ದೂರದಿಂದ, ಜನರ ತಲೆಗಳ ಮೇಲಿನಿಂದ. ಅಷ್ಟರಲ್ಲಿ ಮೇಲಿನವರು ಫೋನಿನಲ್ಲಿ, "ಏನ್ರೀ, ಅಂಧರೂ ಮುಟ್ಟಿ ತಿಳ್ಕೊಳ್ಳೋ ಥರ ಉಬ್ಬು ನಕ್ಷೆ ಮಾಡಿದೀರಂತೆ!" ಎಂದು ಮೆಚ್ಚಿದ್ದರು. ಹೊಗಳಿಕೆಯ ಮುಂದೆ ಸತ್ಯವನ್ನು ಹತ್ತಿರ ಹೋಗಿ ನೋಡುವ ಮನುಷ್ಯ ಇನ್ನೂ ಹುಟ್ಟಬೇಕು.

"ಸಾರ್, ಆ ನಕ್ಷೆಯಲ್ಲಿ ಕಪ್ಪು ಗೆರೆ..."

"ಅದೇ ರೀ ಅದರ ಜೀವ!"

"ಜೀವವೇ ಸಾರ್. ಆದ್ರೆ ನಮ್ಮ ಮಾವನೋರದ್ದು. ಅದನ್ನ ತೆಗೀಬೇಕಿತ್ತು."

ಸಾಹೇಬರು ಕನ್ನಡಕ ಕೆಳಗಿಳಿಸಿದರು. "ಯಾಕೆ?"

"ಅದು... ಕೂದಲು ಸಾರ್."

"ಕೂದಲು?"

"ಪಂಪ್‌ಹೌಸಿನ ಕೂದಲು."

ಈ ಸಂಭಾಷಣೆಯನ್ನು ಬಾಗಿಲ ಸಂದಿಯಲ್ಲಿ ಕೇಳಿದ ಜವಾನ, ಗುಮಾಸ್ತ ಚರಂಡಿ ತೆಗೆಸಲು ಓಡಾಡುತ್ತಿದ್ದಾನೆ ಎಂಬಷ್ಟನ್ನು ಮಾತ್ರ ಸೋಸಿ ಹೊರಗೆ ಸಾಗಿಸಿದ. ಗಾಜಿನ ಮುಂದೆ ಮತ್ತೆ ಸೇರಿದ್ದ ಜನರ ನಡುವೆ ಇದ್ದ ಮೇಷ್ಟ್ರು, ಕೋಣೆಯಿಂದ ಹೊರಬಂದ ಗುನುಗಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಚರಂಡಿ ಹೋದ್ರೆ ಲಾಭ ಯಾರಿಗೆ? ಟೈಲರಮ್ಮನಿಗೆ. ಇವನ ಮೈಮೇಲೆ ಏನಿದೆ ನೋಡಿ! ಹೊಸ ಕಾಲರು!"

ಹಳೇ ಅಂಗಿಗೆ ಕಾಲರು ಮಗುಚಿ ಹಾಕಿಸಿ ಎರಡು ತಿಂಗಳಾಗಿತ್ತು. ಆದರೆ ಲಂಚ ಹುಡುಕುವ ಕಣ್ಣಿಗೆ ಎಲ್ಲ ಕಾಲರೂ ಹೊಸದೇ.

"ಏ ಮೇಷ್ಟ್ರೇ, ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ!" ಟೈಲರಕ್ಕ ಅಳತೆ ಟೇಪನ್ನು ಚಾವಟಿಯಂತೆ ಬೀಸಿದಳು. ಆಮೇಲೆ ಗುನುಗಣ್ಣನನ್ನು ಪಕ್ಕಕ್ಕೆ ಎಳೆದು, ಮೆತ್ತಗೆ, "ನೀನು ಇಷ್ಟು ಒಳ್ಳೆಯೋನು ಅಂತ ಗೊತ್ತಿರ್ಲಿಲ್ಲಪ್ಪ. ಗೆರೆ ತೆಗೆಸಿಬಿಡು, ಪ್ಯಾಂಟೂ ಹೊಲಿದು ಕೊಡ್ತೀನಿ," ಎಂದಳು. ಅದನ್ನು ಮಾತ್ರ ಎಲ್ಲರೂ ಸ್ಪಷ್ಟವಾಗಿ ಕೇಳಿಸಿಕೊಂಡರು.

ಗಲಾಟೆ ಮೇಲಿನವರ ತನಕ ಹೋಗಬಾರದೆಂದು ಸಾಹೇಬರು ಮಧ್ಯಾಹ್ನ ಕಚೇರಿಯೊಳಗಿನ ಓಣಿಯಲ್ಲೇ ಸಭೆ ಕರೆದರು. ಗಾಜಿನ ಬಾಗಿಲು ತೆಗೆಸಿ, ಚಿತ್ರವನ್ನು ಮೇಜಿನ ಮೇಲೆ ನಿಲ್ಲಿಸಿ, ಕೈಯಲ್ಲಿ ಅಳತೆಕೋಲು ಹಿಡಿದರು. ಬೀದಿಗೆ ಬೀದಿಯೇ ನೆರೆದಿತ್ತು. ಗುನುಗಣ್ಣನಿಗೆ ಊಟದ ಡಬ್ಬಿ ತಂದಿದ್ದ ಹೆಂಡತಿಯೂ, ಏನು ನಡೆದಿದೆಯೆಂದು ತಿಳಿಯದೆ, ಬಾಗಿಲ ಬಳಿ ನಿಂತಿದ್ದಳು.

"ಜನಹಿತಕ್ಕಾಗಿ, ಬಹಳ ಅಧ್ಯಯನ ಮಾಡಿ ತಯಾರಿಸಿದ ಈ ನಕ್ಷೆಯಲ್ಲಿ," ಎಂದು ಸಾಹೇಬರು ಅಳತೆಕೋಲನ್ನು ಕಪ್ಪು ಗೆರೆಗೆ ತಾಗಿಸಿದರು. ದಾರ ಸಡಿಲವಾಗಿತ್ತು. ಚರಂಡಿಯ ಒಂದು ಭಾಗ ಕುಪ್ಪಳಿಸಿ ಹೊರಗೆ ಬಂದು ಗಾಳಿಯಲ್ಲಿ ಅಲುಗಾಡತೊಡಗಿತು.

"ಮುಟ್ಬೇಡಿ ಸಾರ್! ಹರಿದು ಹೋಗುತ್ತೆ!" ಗುನುಗಣ್ಣ ಚೀರಿದ. ಮರ್ಯಾದೆ, ನೌಕರಿ, ಕಾಲರು ಯಾವುದೂ ಈಗ ಲೆಕ್ಕಕ್ಕೆ ಬರಲಿಲ್ಲ. "ಅದು ಚರಂಡಿ ಅಲ್ಲ. ಜಡೆ. ಇದು ನಕ್ಷೆನೇ ಅಲ್ಲ. ಹಾಡು!"

"ಹಾಡು?" ಎಂದಿತು ಓಣಿ.

ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವೆಂದು ಗುನುಗಣ್ಣ ಹಾಡಿಯೇ ತೋರಿಸಿದ. ಜೀವನದಲ್ಲಿ ಮೊದಲ ಬಾರಿಗೆ ಮೂಗು ಬಿಟ್ಟು ಬಾಯಿಯಿಂದ ಹಾಡಿದ. ಬೆರಳಿನಿಂದ ಹೊಳೆ ತೋರಿಸಿದ. ನಾಯಕನನ್ನು ತೋರಿಸಿದ. ದೋಣಿ ತೋರಿಸಿದಾಗ ಮೇಷ್ಟ್ರು ಬಗ್ಗಿ ನೋಡಿ, "ಇದು ನನ್ನ ಕನ್ನಡಕದ ಡಬ್ಬಿ!" ಎಂದರು. ಚಂದ್ರ ಬಂದಾಗ ಟೈಲರಕ್ಕ, "ಅಯ್ಯೋ ನನ್ನ ಗುಂಡಿ! ಮೇಷ್ಟ್ರೇ, ನಿಮ್ಮ ಟ್ಯಾಂಕಿಗೆ ನಾಲ್ಕು ತೂತಿದೆ ನೋಡ್ಕೊಳ್ಳಿ!" ಎಂದು ನಕ್ಕಳು. ಇದ್ದಕ್ಕಿದ್ದಂತೆ ಎಲ್ಲರಿಗೂ ಹಾಡು ನೆನಪಾಯಿತು. ಒಬ್ಬಿಬ್ಬರು ದನಿಗೂಡಿಸಿದರು. ಎರಡನೇ ಚರಣದ ಮೊದಲ ಮಾತು ಗುನುಗಣ್ಣನಿಗೆ ಮರೆತು ತೊದಲಿದಾಗ, ಯಾರೋ ತಗ್ಗಿದ ದನಿಯಲ್ಲಿ ಅದನ್ನು ಎತ್ತಿಕೊಟ್ಟರು. ಎತ್ತಿಕೊಟ್ಟವರು ಇಂಜಿನಿಯರ್ ಸಾಹೇಬರು. ತಕ್ಷಣ ಜೋರಾಗಿ ಕೆಮ್ಮಿದರು.

"ಇವಳು ಪಂಪ್‌ಹೌಸಲ್ಲ, ಕಾಯ್ತಾ ಇರೋ ಹುಡುಗಿ," ಎಂದು ಮುಗಿಸಿದ ಗುನುಗಣ್ಣ. "ಈ ಜಡೆ ಕ್ಯಾಸೆಟ್ಟಿನ ಟೇಪು. ಅದರೊಳಗೆ ನನ್ನ ಹೆಂಡತಿಯ ಅಪ್ಪ ಇದ್ದಾರೆ. ಬೈತಿದ್ದಾರೆ. ಇವತ್ತು ಸಂಜೆಗೆ ಬೇಕು ಸಾರ್. ಕೊಟ್ಬಿಡಿ."

ಬಾಗಿಲ ಬಳಿಯಿಂದ ಊಟದ ಡಬ್ಬಿಯನ್ನು ನೆಲಕ್ಕಿಟ್ಟ ಸಣ್ಣ ಸದ್ದು ಕೇಳಿಸಿತು. ಹೆಂಡತಿ ಅವನನ್ನು ಒಮ್ಮೆ ನೋಡಿದಳು. ಬೈಯಲಿಲ್ಲ. ಹೊರಟುಹೋದಳು. ಬೈಯುವ ಹೆಂಡತಿ ದೈವಕೃಪೆ. ಸುಮ್ಮನೆ ಹೋಗುವ ಹೆಂಡತಿಯ ಹಿಂದೆ ಓಡಲು ಯಾವ ಗಂಡನಿಗೂ ಕಾಲು ಬರುವುದಿಲ್ಲ.

ಸಾಹೇಬರಿಗೆ ಬೇರೆ ಸಂಕಟವಿತ್ತು. ಒಬ್ಬ ಹುಡುಗಿಯ ಲಂಗದ ಮೇಲೆ ತಾವು ಸಹಿ ಮಾಡಿದ್ದು ಈಗ ಬೀದಿಗೆಲ್ಲ ಗೊತ್ತಾಗಿತ್ತು. ಇಂಥ ಗಳಿಗೆಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಮನುಷ್ಯಧರ್ಮ. ಆದರೆ ಅವರು ಅಧಿಕಾರಿ.

"ತಾಂತ್ರಿಕ ಕಾರಣಗಳಿಂದ," ಎಂದರು ಗಂಭೀರವಾಗಿ, "ಈ ಯೋಜನೆಯನ್ನು ಕೈಬಿಡಲಾಗಿದೆ. ನಕ್ಷೆಯನ್ನು ಬೀರುವಿನಲ್ಲಿಟ್ಟು ಸೀಲ್ ಮಾಡಿ. ಯಾರಿಗೂ ಕೊಡಕೂಡದು."

"ಸಾರ್, ಜಡೆ..."

"ಯಾರಿಗೂ!"

ಟೈಲರಕ್ಕ ಅಂಗಡಿ ಉಳಿದ ಸಂತೋಷಕ್ಕೆ ಮನೆಗೆ ಹೋದಳು. ಮೇಷ್ಟ್ರು ಟ್ಯಾಂಕು ಕಳೆದುಕೊಂಡ ದುಃಖಕ್ಕೆ ಡಬ್ಬಿಯಾದರೂ ವಾಪಸ್ಸು ಸಿಗಬೇಕೆಂದು ಸ್ವಲ್ಪ ಹೊತ್ತು ವಾದಿಸಿ ಹೋದರು. ಗುನುಗಣ್ಣ ಬೀರುವಿನ ಮುಂದೆ ಕೈಕಟ್ಟಿ ನಿಂತ. ಅವತ್ತು ಕಿಟಕಿಗೆ ಬಂದವರಿಗೆ ಕಾಯಬೇಕಾಗಲಿಲ್ಲ. ಗುನುಗು ಇರಲಿಲ್ಲ.

ಸಂಜೆ ಅಕ್ಕ ಬಂದಳು. ಚೀಲ ಇಳಿಸುವ ಮೊದಲೇ, "ಎಲ್ಲೇ, ಹಾಕೇ, ಕೇಳೋಣ," ಎಂದಳು. ಮೇಷ್ಟ್ರ ಮನೆಯ ಟೇಪ್‌ರೆಕಾರ್ಡರ್ ಮೇಜಿನ ಮೇಲೆ ಬಾಯಿ ತೆರೆದು ಕುಳಿತಿತ್ತು. ಹೆಂಡತಿ, "ಮೊದ್ಲು ಚಹಾ ಕುಡಿ ಅಕ್ಕ," ಎಂದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಗುನುಗಣ್ಣ ಎದ್ದು ಹೋಗಿ ಟೇಪ್‌ರೆಕಾರ್ಡರಿನ ಬಾಯಿ ಮುಚ್ಚಿದ.

ಬಾಗಿಲು ತಟ್ಟಿದ ಸದ್ದಾಯಿತು. ಉಬ್ಬಿದ ಬಾಗಿಲನ್ನು ಎಳೆದು ತೆಗೆದರೆ ಇಂಜಿನಿಯರ್ ಸಾಹೇಬರು. ಛತ್ರಿಯಿಂದ ನೀರು ಸೋರುತ್ತಿತ್ತು.

"ನಲ್ಲಿ ಪರೀಕ್ಷೆಗೆ ಬಂದೆ," ಎಂದರು. ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಒಂದು ಹನಿಯೂ ಬರಲಿಲ್ಲ. "ಚೆನ್ನಾಗಿದೆ," ಎಂದು ಮುಚ್ಚಿದರು.

ಗುನುಗಣ್ಣ ಹಿಂದಿನಿಂದ, "ಸಾರ್, ನನ್ನ ಚಿತ್ರ..." ಎಂದ.

"ಬೀರುವಿನಲ್ಲಿದೆ. ನಿಮ್ಮ ನಾಯಕಿಗೆ ಈಗ ಕ್ರಾಪು. ಲಂಗದಲ್ಲೂ ಒಂದು ತೂತಿದೆ. ನನ್ನ ಸಹಿ ನಾನು ಕತ್ತರಿಸಿಕೊಂಡೆ." ಸಾಹೇಬರು ಅವನ ಕಡೆ ತಿರುಗಲಿಲ್ಲ. ಒಲೆಯ ಬಳಿ ನಿಂತಿದ್ದ ಅವನ ಹೆಂಡತಿಯ ಮುಂದೆ ಬಂದು, ಕೋಟಿನ ಒಳಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ ಏನನ್ನೋ ತೆಗೆದರು. ಅವರ ಬೆರಳ ತುದಿಗಳಲ್ಲಿ ಗೋಂದು ಅಂಟಿತ್ತು. ಜೇಬಿನಲ್ಲಿ ಟೇಪು ಸುತ್ತುವ ಪೆನ್ಸಿಲೊಂದು ಇಣುಕುತ್ತಿತ್ತು.

"ತುದಿಗಳಲ್ಲಿ ಒಂದೊಂದು ಗೇಣು ಹೋಯ್ತಮ್ಮ. ಅಲ್ಲಿ ಹಾಡಿರಲಿಲ್ಲ," ಎಂದರು ಮೆಲ್ಲಗೆ. "ಉಳಿದದ್ದನ್ನ ಇವರ ಡ್ರಾಯರಿನಲ್ಲಿದ್ದ ಖಾಲಿ ಡಬ್ಬಿಗೇ ಸುತ್ತಿ, ಪೂರ್ತಿ ಕೇಳಿ ನೋಡಿದೆ. ನಡುವೆ ಯಾರೋ ಹಿರಿಯರು, ಹೊಳೆ ದಂಡೇಲಿ ಅವಳು ಎಷ್ಟೊತ್ತು ಅಳ್ತಾಳೆ ಅಂತ ಗದರ್ತಾರೆ. ಸ್ಪಷ್ಟವಾಗಿದೆ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡೂ ಅಂಗೈ ಚಾಚಿದಳು. ಅವರು ಕ್ಯಾಸೆಟ್ ಇಟ್ಟು, ಕರ್ಚೀಫನ್ನು ಮಡಚಿ ಜೇಬಿಗೆ ಹಾಕಿಕೊಂಡು, ಛತ್ರಿ ಬಿಚ್ಚಿ ಹೊರಟರು.